ಹುಳದ ಮನೆಯಲ್ಲಿ ಕಟ್ಟಿದ ಬಾಲವಿಲ್ಲದ ಗ್ಲೈಡರ್

ನನ್ನ ಹೆಂಡತಿ ತನ್ನ ರೇಷ್ಮೆ ಹುಳದ ಮನೆಯ ಬೀಗದ ಕೈ ಕೊಟ್ಟಿದ್ದು ಷರತ್ತಿನ ಮೇಲೆ. ಚಪ್ಪಲಿ ಹೊರಗೇ ಬಿಡಬೇಕು. ಬಣ್ಣ, ಪೆಟ್ರೋಲು, ಸೊಳ್ಳೆಬತ್ತಿ, ಔಷಧಿ ಅಂತ ಯಾವುದೂ ಹೊಸಿಲು ದಾಟಕೂಡದು. ಮುಂದಿನ ಬೆಳೆಗೆ ಅವಳು ಮನೆ ತೊಳೆಯುವ ಹೊತ್ತಿಗೆ ನನ್ನ ಕಸಕಡ್ಡಿಯೆಲ್ಲ ಅಲ್ಲಿಂದ ಎದ್ದಿರಬೇಕು.

"ಎರಡೇ ವಾರ ಕಣ್ರಿ. ಆಮೇಕೆ ನನ್ ಉಳ ಬತ್ತವೆ," ಅಂದಳು.

ಕೊಳ್ಳೇಗಾಲದ ಹತ್ತಿರ ಧನಗೆರೆಯಲ್ಲಿ ನಮ್ಮ ಮನೆ. ನಾನು ಹನೂರಿನ ಹೈಸ್ಕೂಲಿನಲ್ಲಿ ಗಣಿತ ಹೇಳುವ ಮೇಷ್ಟ್ರು. ರೇಷ್ಮೆ ಅವಳದ್ದು. ಹಿಪ್ಪುನೇರಳೆ ತೋಟ, ಹುಳ, ಗೂಡು, ಮಾರ್ಕೆಟ್ಟು ಎಲ್ಲವೂ ಅವಳದ್ದೇ. ಬೆಳಿಗ್ಗೆ ಸಂಜೆ ಸೊಪ್ಪು ಹಾಕುವುದಕ್ಕೆ ಮಾತ್ರ ನಾನು ಕೈಜೋಡಿಸುತ್ತೇನೆ. ರೇಷ್ಮೆ ಹುಳದಷ್ಟು ನಾಜೂಕಿನ ಜೀವ ಇನ್ನೊಂದಿಲ್ಲ. ಬೀಡಿ ಸೇದಿದ ಕೈಯಲ್ಲಿ ಸೊಪ್ಪು ಮುಟ್ಟಿದರೂ ಅದಕ್ಕಾಗುವುದಿಲ್ಲ. ಹಾಗಾಗಿ ಬೆಳೆ ಇರುವಾಗ ನೆಂಟರಿಗೂ ಒಳಗೆ ಪ್ರವೇಶವಿಲ್ಲ.

ಇನ್ನು ನಾನೋ, ಹುಟ್ಟಾ ಗಾಬರಿಯವನು. ಬಸ್ಸಿಗೆಂದು ಹೊರಟವನು ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸು ಬಂದದ್ದಕ್ಕೆ ಲೆಕ್ಕವಿಲ್ಲ. ಉತ್ತರ ಪತ್ರಿಕೆಯ ಅಂಕಗಳನ್ನು ಮೂರು ಸಲ ಕೂಡುತ್ತೇನೆ, ಮೂರು ಸಲವೂ ಒಂದೇ ಬಂದರೆ ಅದೇ ಒಂದು ಅನುಮಾನ. ಇಂಥವನ ಕಣ್ಣಿಗೆ ಒಂದು ದಿನ ಮೊಬೈಲಿನಲ್ಲಿ ಬಾಲವೇ ಇಲ್ಲದ ಗ್ಲೈಡರೊಂದು ಬಿತ್ತು. ಇಂಜಿನ್ನೂ ಇಲ್ಲ, ಬಾಲವೂ ಇಲ್ಲ, ಬರೀ ಒಂದು ರೆಕ್ಕೆ. ನೆಲದ ಮೇಲೆ ನಿಂತವನು ರಿಮೋಟಿನಲ್ಲಿ ತಿರುಗಿಸಿದ ಹಾಗೆ ಅದು ಗುಡ್ಡದ ಮೇಲೆ ತೇಲುತ್ತಿತ್ತು. ಬಿದ್ದು ಹೋಗಬೇಕಾದದ್ದು ಯಾಕೆ ಬೀಳುತ್ತಿಲ್ಲ ಎನ್ನುವ ಪ್ರಶ್ನೆ ನನ್ನನ್ನು ಹಿಡಿದುಕೊಂಡಿತು. ಕೊನೆಗೆ ಮಾಡಿಯೇ ನೋಡುತ್ತೇನೆ ಎಂದೆ.

"ಬಾಲ ಇಲ್ಲ, ಇಂಜಿನ್ ಇಲ್ಲ. ಇನ್ನೇನ್ ಅದೆ ಅದ್ರಲ್ಲಿ?" ಎಂದು ಹೆಂಡತಿ ಕೇಳಿದಳು. ನಾನು ವಿವರಿಸಲು ಹೋದೆ. "ಬುಡಿ, ನಿಮ್ ಗಾಬ್ರಿ ಅದೆಯಲ್ಲ, ಅದ್ರಲ್ಲೇ ಮ್ಯಾಕ್ ಆರ್ತದೆ," ಎಂದು ನಕ್ಕಳು.

ವಿಮಾನದ ಬಾಲ ಅಂದಕ್ಕಿರುವುದಲ್ಲ. ಮೂಗು ಎದ್ದರೆ ತಗ್ಗಿಸುವುದು, ತಗ್ಗಿದರೆ ಎತ್ತುವುದು ಅದರ ಕೆಲಸ. ಬಾಲವನ್ನು ತೆಗೆದುಹಾಕಿದರೆ ಆ ಕೆಲಸ ರೆಕ್ಕೆಯ ತಲೆಗೇ ಬರುತ್ತದೆ. ಅದಕ್ಕಾಗಿ ರೆಕ್ಕೆಯ ಹಿಂದಿನ ಅಂಚು ಒಂದಿಷ್ಟು ಮೇಲಕ್ಕೆ ಬಾಗಿರಬೇಕು, ಅದರ ಎಡಬಲದ ಎರಡು ಅರ್ಧವೂ ಹಿಂದಕ್ಕೆ ಓರೆಯಾಗಿರಬೇಕು, ತುದಿಗಳು ಬುಡಕ್ಕಿಂತ ಒಂದೆರಡು ಡಿಗ್ರಿ ತಗ್ಗಿರಬೇಕು. ಭಾರದ ಮಧ್ಯಬಿಂದು ಬೆರಳಗಲ ಹಿಂದಾದರೂ ಗಾಳಿಯಲ್ಲೇ ಪಲ್ಟಿ. ಇದನ್ನೆಲ್ಲ ಗ್ರಾಫ್ ಹಾಳೆಯ ಮೇಲೆ ಬಿಡಿಸಿ, ಲೆಕ್ಕ ಹಾಕಿ, ಅಳಿಸಿ, ಮತ್ತೆ ಹಾಕಿದೆ. ತುದಿಯಿಂದ ತುದಿಗೆ ಐದಡಿಯ ರೆಕ್ಕೆ ಎಂದು ತೀರ್ಮಾನವಾಯಿತು.

ಕೊಳ್ಳೇಗಾಲದಲ್ಲಿ ಫ್ರಿಡ್ಜ್ ಮಾರುವ ಅಂಗಡಿಯವರು ಪ್ಯಾಕಿಂಗಿನ ದಪ್ಪ ಥರ್ಮಕೋಲನ್ನು ಸುಮ್ಮನೆ ಕೊಟ್ಟರು. ಬಡಗಿಯೊಬ್ಬರ ಹತ್ತಿರ ಸನ್‌ಮೈಕದ ಚೂರು ತಂದು ರೆಕ್ಕೆಯ ಅಡ್ಡಕೊಯ್ತದ ಅಚ್ಚು ಕತ್ತರಿಸಿದೆ. ಹೀಟರಿನ ಕಾಯಿಲನ್ನು ನೇರ ಮಾಡಿ, ಪಿವಿಸಿ ಪೈಪಿನ ಬಿಲ್ಲಿಗೆ ಬಿಗಿದು, ಸ್ಕೂಟರಿನ ಬ್ಯಾಟರಿಗೆ ಸೇರಿಸಿದರೆ ಕಾದ ತಂತಿ ಥರ್ಮಕೋಲನ್ನು ಬೆಣ್ಣೆಯ ಹಾಗೆ ಕುಯ್ಯುತ್ತದೆ. ಕೈ ಒಂದು ಕ್ಷಣ ನಿಂತರೆ ಅಲ್ಲೇ ಗುಂಡಿ. ಮೊದಲ ಜೋಡಿ ಹಾಳಾಯಿತು. ಎರಡನೆಯ ಸಲ ಅಚ್ಚನ್ನು ತಿರುಗಿಸುವುದು ಮರೆತು ಎರಡೂ ಬಲಗಡೆಯ ರೆಕ್ಕೆಗಳೇ ಆದವು. ಮೂವತ್ತು ಮಕ್ಕಳಿಗೆ ಕನ್ನಡಿ ಸಮ್ಮಿತಿಯ ಪಾಠ ಹೇಳಿ ಬಂದ ದಿನವೇ ಇದಾದದ್ದು.

ಮೂರನೆಯ ಜೋಡಿ ಸರಿ ಬಂತು. ಇನ್ನು ಅಂಟಿಸಬೇಕು. ಅಂಟು ಒಣಗುವ ತನಕ ರೆಕ್ಕೆ ಎಳ್ಳಷ್ಟೂ ತಿರುಚಿಕೊಳ್ಳಬಾರದು. ಅದಕ್ಕೆ ಉದ್ದವಾದ, ಸಮತಟ್ಟಾದ ಹಲಗೆ ಬೇಕು. ನಮ್ಮ ಮನೆಯಲ್ಲಿ ಅಂಥ ಹಲಗೆ ಇದ್ದದ್ದು ಹುಳದ ಮನೆಯಲ್ಲಿ ಮಾತ್ರ. ಅಲ್ಲಿ ಎರಡು ಮರದ ಸ್ಟ್ಯಾಂಡುಗಳು, ಒಂದು ಕಿಟಕಿಯ ಪಕ್ಕ, ಇನ್ನೊಂದು ಬಾಗಿಲ ಪಕ್ಕ. ಒಂದೊಂದಕ್ಕೂ ಒಂದರ ಮೇಲೊಂದು ಹಲಗೆಯ ಅಂತಸ್ತು. ಬಾಗಿಲ ಪಕ್ಕದ ಸ್ಟ್ಯಾಂಡಿನ ನಡು ಅಂತಸ್ತು ನನ್ನ ಎದೆಮಟ್ಟಕ್ಕಿತ್ತು. ಶಾಲೆ ಮುಗಿಸಿ ಬಂದು ಕತ್ತಲಾಗುವವರೆಗೆ ಅಲ್ಲೇ ಕೆಲಸ. ಬಿದಿರಿನ ದಬ್ಬೆ ಕೂರಿಸಿದೆ, ವಾಸನೆಯಿಲ್ಲದ ಬಿಳಿ ಅಂಟು ಬಳಿದೆ, ಮೇಲೆ ಪುಸ್ತಕಗಳ ಭಾರ ಹೇರಿದೆ. ಹಿಂದಿನ ಅಂಚಿಗೆ ಮೇಲೆ ಕೆಳಗೆ ಆಡುವ ಎರಡು ರೆಪ್ಪೆಗಳನ್ನು ಜೋಡಿಸಿ, ರಿಮೋಟಿನ ಮಾತು ಕೇಳಿ ಅವನ್ನು ಆಡಿಸುವ ರಿಸೀವರು, ಪುಟ್ಟ ಮೋಟಾರುಗಳನ್ನು ಒಳಗೆ ಕೂರಿಸಿದೆ. ಎರಡೂ ಒಟ್ಟಿಗೆ ಎದ್ದರೆ ಮೂಗು ಏಳುತ್ತದೆ, ಒಂದು ಎದ್ದು ಒಂದು ಇಳಿದರೆ ಗ್ಲೈಡರು ಪಕ್ಕಕ್ಕೆ ವಾಲಿ ತಿರುಗುತ್ತದೆ. ಆ ಹದಿನೈದು ದಿನ ನನ್ನಷ್ಟು ಸುಖಿ ಆ ಊರಲ್ಲಿ ಯಾರೂ ಇರಲಿಲ್ಲ.

ಒಂದು ಸಂಜೆ ಹೋಗಿ ನೋಡುತ್ತೇನೆ, ಹಲಗೆಯ ಮೇಲೆ ಬಿಳಿ ಪುಡಿ. ಇರುವೆಗಳು ಥರ್ಮಕೋಲಿನೊಳಗೆ ಗೂಡು ಕೊರೆಯಲು ಶುರು ಮಾಡಿದ್ದವು. ಹುಳ ಇರುವಾಗ ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಿನಲ್ಲಿ ಇಡುತ್ತಾರೆ, ಇರುವೆ ಹತ್ತುವುದಿಲ್ಲ. ಆಗ ಬೆಳೆ ಇರಲಿಲ್ಲ, ಬಟ್ಟಲು ಒಣಗಿದ್ದವು. ಮಾರನೆಯ ದಿನ ಹನೂರಿನ ಅಂಗಡಿಯಲ್ಲಿ ಇರುವೆ ಚಾಕು, ಅಂದರೆ ಇರುವೆ ಸಾಯಿಸುವ ಚಾಕ್‌ಪೀಸು, ಕೊಂಡೆ. ರೆಕ್ಕೆಯ ಸುತ್ತ, ಹಲಗೆಯ ನಾಲ್ಕೂ ಅಂಚಿಗೆ ದಪ್ಪನಾಗಿ ಗೆರೆ ಎಳೆದೆ. ಕಾಲುಗಳಿಗೂ ಸುತ್ತಿಸಿದೆ. ಮೇಷ್ಟ್ರ ಕೈ, ಗೆರೆ ಅಚ್ಚುಕಟ್ಟಾಗಿ ಬಂತು.

ಔಷಧಿ ಒಳಗೆ ಬರಕೂಡದು ಎಂದು ಅವಳು ಹೇಳಿದ್ದು ನನಗೆ ಮರೆತಿರಲಿಲ್ಲ. ಆದರೆ ಚಾಕು ಔಷಧಿ ಎಂದು ಹೊಳೆಯಲೇ ಇಲ್ಲ. ಇಪ್ಪತ್ತೈದು ವರ್ಷದಿಂದ ಸೀಮೆಸುಣ್ಣ ಹಿಡಿದ ಕೈ ಇದು. ಡಬ್ಬಿಯ ಮೇಲೆ ಅಪಾಯದ ಗುರುತು ಇದ್ದದ್ದನ್ನು ಕಣ್ಣು ಓದಿತು, ಕೈ ತನ್ನ ಪಾಡಿಗೆ ಬರೆಯಿತು.

ಆ ಭಾನುವಾರ ಬೀಳು ಹೊಲದಲ್ಲಿ ಎಸೆದು ನೋಡಿದೆವು. ಜೊತೆಗೆ ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರು ಬಂದಿದ್ದರು, ಲೊಕ್ಕನಹಳ್ಳಿಯವರು, ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಮೊದಲ ಎಸೆತಕ್ಕೆ ಗ್ಲೈಡರು ಮೂಗೆತ್ತಿ, ನಿಂತು, ಹಿಂದಕ್ಕೆ ಮಗುಚಿಕೊಂಡಿತು. ಮೀನಿನ ಬಲೆಗೆ ಕಟ್ಟುವ ಸೀಸದ ಗುಂಡುಗಳನ್ನು ಮೂಗಿಗೆ ಒಂದೊಂದಾಗಿ ತುಂಬುತ್ತಾ ಹೋದೆವು. ಆರನೆಯ ಎಸೆತಕ್ಕೆ ಅದು ಎದೆಯೆತ್ತರದಲ್ಲಿ ನೇರವಾಗಿ ಸಾಗಿ ಹೊಟ್ಟೆಯ ಮೇಲೆ ಇಳಿಯಿತು.

"ಸಾ, ನಮ್ಮೂರ್ಗೆ ತನ್ನಿ ಸಾ. ನಮ್ ಒಲದ ಮ್ಯಾಲ್ಗಡೆ ದಿಣ್ಣೆ ಅದೆ. ಆಸಾಡದ ಗಾಳಿ ಬಂದು ಅದ್ಕೇ ಒಡೀತದೆ," ಎಂದರು ವಿಜ್ಞಾನದ ಮೇಷ್ಟ್ರು. ಮುಂದಿನ ಭಾನುವಾರಕ್ಕೆ ಎಂದು ಮಾತಾಯಿತು.

ಹೆಂಡತಿಗೆ ಮಾತು ಕೊಟ್ಟಂತೆ ನಾನು ನನ್ನ ಸಾಮಾನನ್ನೆಲ್ಲ ಆ ಭಾನುವಾರಕ್ಕೆ ಮೊದಲೇ ಹುಳದ ಮನೆಯಿಂದ ತೆಗೆದಿದ್ದೆ. ಅವಳು ಬ್ಲೀಚಿಂಗ್ ಪೌಡರಿನ ನೀರು ಹೊಡೆದು, ಸುಣ್ಣ ಉದುರಿಸಿ, ಮನೆ ಸಿದ್ಧ ಮಾಡಿದ್ದಳು. ಎಲ್ಲಿ ನೋಡಿದರೂ ಬಿಳಿ. ನನ್ನ ಗೆರೆಗಳು ಆ ಬಿಳಿಯಲ್ಲಿ ಬೆರೆತು ಹೋಗಿದ್ದವು. ಸೋಮವಾರ ಸಂಜೆ ಯಳಂದೂರು ಕಡೆಯ, ಮರಿಹುಳ ಸಾಕಿ ಮಾರುವ ಚಾಕಿ ಮನೆಯಿಂದ ಎರಡನೇ ಜ್ವರ ಎದ್ದ ಹುಳ ಬಂತು. ಹುಳ ಪೊರೆ ಬಿಡುವುದಕ್ಕೆ ಮೇವು ಬಿಟ್ಟು ಕೂರುವುದನ್ನು ನಮ್ಮಲ್ಲಿ ಜ್ವರ ಅನ್ನುತ್ತಾರೆ. ಮರಿಗಳನ್ನು ಅವಳು ಕಿಟಕಿ ಪಕ್ಕದ ಸ್ಟ್ಯಾಂಡಿನಲ್ಲಿ ಪೇಪರು ಹಾಸಿ ಬಿಟ್ಟಳು. ನಾನು ಸೊಪ್ಪು ಉದುರಿಸುತ್ತಿದ್ದೆ. ಅವಳು ಸ್ಟ್ಯಾಂಡಿನ ಕಾಲಿನ ಬಟ್ಟಲುಗಳಿಗೆ ನೀರು ತುಂಬುತ್ತಾ ಬಂದಳು.

"ಬ್ಯಾರೆ ಮನೇಲಾದ್ರೆ ಒಂದ್ ಗೆರೆ ಚಾಕು ಎಳ್ದ್ರೆ ಆಯ್ತು. ನಮ್ ಮನೇಲಿ ಇರುವೆ ತಡಿಯಾಕೂ ನೀರೇ ಬೇಕು, ಚಾಕು ಉಳನೂ ಸಾಯುಸ್ತದೆ," ಅಂದಳು.

ನನ್ನ ಕೈಯಲ್ಲಿದ್ದ ಸೊಪ್ಪು ಅಲ್ಲೇ ಉಳಿಯಿತು. ನಾನು ಎಳೆದದ್ದೂ ಅದೇ ಔಷಧಿ. ಬಾಗಿಲ ಪಕ್ಕದ ಸ್ಟ್ಯಾಂಡು ಇನ್ನೂ ಖಾಲಿ ಇತ್ತು. ಹುಳ ಬೆಳೆದ ಹಾಗೆ ಹಾಸು ಅಗಲ ಮಾಡಬೇಕು. ಮೂರನೇ ಜ್ವರ ಎದ್ದ ಮೇಲೆ ಒಂದು ಸ್ಟ್ಯಾಂಡು ಸಾಲುವುದಿಲ್ಲ. ಆಗ ಎರಡನೆಯದು ತುಂಬುತ್ತದೆ. ಅಂದರೆ ನನ್ನ ಕೈಯಲ್ಲಿ ಐದಾರು ದಿನವಿತ್ತು. ಆ ಕ್ಷಣವೇ ಬಾಯಿ ಬಿಟ್ಟಿದ್ದರೆ ಎರಡು ಬೈಗುಳಕ್ಕೆ ಮುಗಿಯುತ್ತಿತ್ತು. ನಾಳೆ ಅವಳು ತೋಟಕ್ಕೆ ಹೋದಾಗ ಒರೆಸಿಬಿಡುತ್ತೇನೆ, ಹೇಳುವ ಅಗತ್ಯವೇ ಬರುವುದಿಲ್ಲ ಎಂದುಕೊಂಡೆ.

ಒರೆಸಿದೆ. ಸೋಪಿನ ನೀರಲ್ಲಿ ಅದ್ದಿದ ಬಟ್ಟೆಯಲ್ಲಿ ಅಂಚನ್ನೂ ಕಾಲನ್ನೂ ತಿಕ್ಕಿದೆ. ಹಳೆಯ ಮರ, ಗೆರೆಯ ಪುಡಿ ಸೀಳುಗಳ ಒಳಕ್ಕೆ ಇಳಿದಿತ್ತು. ಹೋಯಿತೋ ಇಲ್ಲವೋ ಹೇಗೆ ತಿಳಿಯುವುದು? ಅಂಗಳದಿಂದ ಒಂದು ಇರುವೆ ಹಿಡಿದು ತಂದು ಅಂಚಿನ ಮೇಲೆ ಬಿಟ್ಟೆ. ಅದು ಸರಸರ ದಾಟಿ ಹೋಯಿತು. ಜೀವ ಬಂದ ಹಾಗಾಯಿತು. ಇನ್ನೊಂದು ತಂದು ಬಿಟ್ಟೆ. ಅದು ಸ್ವಲ್ಪ ದೂರ ನಡೆದು, ಸುತ್ತು ಹೊಡೆದು, ಕಾಲು ಮೇಲೆ ಮಾಡಿತು. ಮತ್ತೆ ತಿಕ್ಕಿದೆ. ಮತ್ತೆ ಇರುವೆ. ಒಂದು ಬದುಕಿದರೆ ಒಂದು ಸಾಯುತ್ತಿತ್ತು. ಅಷ್ಟರಲ್ಲಿ ಅವಳು ಸೊಪ್ಪಿನ ಹೊರೆ ಹೊತ್ತು ಬಂದಳು, ನಾನು ಬಟ್ಟೆಯನ್ನು ಜೇಬಿಗೆ ತುರುಕಿಕೊಂಡೆ.

ಬುಧವಾರ ಒಂದು ಉಪಾಯ ಮಾಡಿದೆ. "ಆ ಸ್ಟ್ಯಾಂಡಿನ ಕಾಲು ಅಲ್ಲಾಡ್ತದೆ ಕಣೆ, ಈ ಬೆಳೆಗೆ ಅದನ್ನು ಬಿಟ್ಟುಬಿಡೋಣ," ಎಂದೆ. ಅವಳು ಎದ್ದು ಹೋಗಿ ಅಲ್ಲಾಡಿಸಿ ನೋಡಿದಳು. ಅದು ನಿಜಕ್ಕೂ ಸ್ವಲ್ಪ ಅಲ್ಲಾಡಿತು. ನಾನು ಸ್ನಾನ ಮಾಡಿ ಬರುವಷ್ಟರಲ್ಲಿ ಅದರ ಸಂದಿಗೊಂದು ಮರದ ಚಕ್ಕೆಯ ಆಪು ಹೊಡೆದು ಗಟ್ಟಿ ಮಾಡಿದ್ದಳು. ಇಂಥ ಹೆಂಗಸಿಗೆ ಸುಳ್ಳು ಹೇಳುವುದು ಎಷ್ಟು ಕಷ್ಟ ನೋಡಿ.

ಗುರುವಾರ ಸಂಜೆ ಪಕ್ಕದ ಹೊಲದ ದೊಡ್ಡಪ್ಪ ಬಂದರು. ಸಂಬಂಧದಲ್ಲಿ ದೊಡ್ಡಪ್ಪ, ವಯಸ್ಸಾದವರು, ನಮ್ಮ ತೋಟಕ್ಕೆ ಅಂಟಿಕೊಂಡು ಟೊಮೆಟೊ ಹಾಕಿದ್ದರು. ಒಳಗೆ ಬರದೆ ಬೇಲಿಯ ಆಚೆಯೇ ನಿಂತು ಕೂಗಿದರು.

"ಅವ್ವಾ, ನಾಳ್ಕೆ ಔಷ್ದಿ ಒಡೀತೀನಿ ಕಣವ್ವ. ಬೇಲಿ ಮಗ್ಗುಲ ಎರಡ್ ಸಾಲು ಸೊಪ್ಪು ಕುಯ್ಬ್ಯಾಡ."

ಹುಳ ಸಾಕುವ ಊರುಗಳಲ್ಲಿ ಇದು ಕಟ್ಟಳೆ. ಔಷಧಿ ಹೊಡೆಯುವವನು ಮುಂಚಿನ ದಿನ ಬಂದು ಹೇಳಬೇಕು. ಜಗಳವಾಡಿ ಮಾತು ಬಿಟ್ಟವರೂ ಇದೊಂದನ್ನು ಹೇಳದೆ ಇರುವುದಿಲ್ಲ. ಹೇಳದೆ ಹೊಡೆದವನ ಮನೆಯ ನೀರನ್ನೂ ಜನ ಕುಡಿಯುವುದಿಲ್ಲ. ದೊಡ್ಡಪ್ಪ ಒಂದು ಸಲವೂ ತಪ್ಪಿದವರಲ್ಲ. ಅವರು ಹೇಳಿ ಹೋದ ಮೇಲೆ ನನಗೆ ಮುಖ ಎತ್ತಲು ನಾಚಿಕೆಯಾಯಿತು. ಬೇಲಿಯಾಚೆಯವರು ಬಂದು ಹೇಳಿದರು, ಮನೆಯೊಳಗಿನವನು ನಾನು ಹೇಳಲಿಲ್ಲ. ಈಗ ಹೇಳುತ್ತೇನೆ ಎಂದು ಬಾಯಿ ತೆರೆದೆ. ಅವಳು, "ಈ ಸಲ ಉಳ ಎಷ್ಟ್ ಚೆಂದಾಗ್ ಅವೆ ನೋಡಿ. ಒಂದೂ ಸಣ್ದಿಲ್ಲ," ಎಂದಳು. ತೆರೆದ ಬಾಯಿ ಮುಚ್ಚಿಕೊಂಡೆ.

ಶನಿವಾರ ಹುಳ ಮೂರನೇ ಜ್ವರಕ್ಕೆ ಕೂತಿತ್ತು. ಏಳುವುದು ಸೋಮವಾರ ಬೆಳಿಗ್ಗೆ ಎಂದು ನನ್ನ ಲೆಕ್ಕ. ಭಾನುವಾರ ಸಂಜೆ ಲೊಕ್ಕನಹಳ್ಳಿಯಿಂದ ಬಂದವನೇ ಎಲ್ಲ ಹೇಳಿಬಿಡುವುದು ಎಂದು ಗಟ್ಟಿ ಮಾಡಿಕೊಂಡೆ. ಗ್ಲೈಡರು ಹಾರಿದರೆ ಆ ಖುಷಿಯಲ್ಲಿ ಧೈರ್ಯ ಬರಬಹುದು ಎಂಬ ಹುಚ್ಚು ಆಸೆಯೂ ಇತ್ತು.

ಭಾನುವಾರ ದಿಣ್ಣೆಯ ಮೇಲೆ ಗಾಳಿ ಹೇಗಿತ್ತೆಂದರೆ ನಿಂತವರ ಪಂಚೆ ನಿಲ್ಲುತ್ತಿರಲಿಲ್ಲ. ಕೆಳಗೆ ವಿಜ್ಞಾನದ ಮೇಷ್ಟ್ರ ಹೊಲ, ಅದರಾಚೆ ಕಾಡಿನ ಅಂಚು. ಅಷ್ಟು ದೂರ ಹೋಗಿ ಕಾಡಿಗೆ ಬಿದ್ದರೆ ಏನು ಗತಿ, ರಿಸೀವರಿನ ಬ್ಯಾಟರಿ ತುಂಬಿದೆಯೋ ಇಲ್ಲವೋ, ರೆಪ್ಪೆಗಳು ಉಲ್ಟಾ ಕೆಲಸ ಮಾಡುತ್ತಿಲ್ಲ ತಾನೆ? ಎಂಟು ಸಲ ಪರೀಕ್ಷಿಸಿದೆ. ವಿಜ್ಞಾನದ ಮೇಷ್ಟ್ರು ಗ್ಲೈಡರನ್ನು ತಲೆಯ ಮೇಲೆ ಹಿಡಿದು, "ಬುಟ್ಟೆ ಸಾ!" ಎಂದು ಗಾಳಿಗೆ ಎದುರಾಗಿ ತಳ್ಳಿದರು.

ಅದು ಒಮ್ಮೆ ಕುಸಿಯಿತು. ನಾನು ರಿಮೋಟಿನ ಕಡ್ಡಿಯನ್ನು ಒಂದಿಷ್ಟು ಎಳೆದೆ. ಗಾಳಿ ಅದನ್ನು ಕೆಳಗಿನಿಂದ ಹಿಡಿದುಕೊಂಡಿತು. ನೋಡನೋಡುತ್ತಾ ನಮ್ಮ ತಲೆಗಿಂತ ಮೇಲೆ, ಬೇವಿನ ಮರಕ್ಕಿಂತ ಮೇಲೆ ಹೋಯಿತು. ಎಡಕ್ಕೆ ಅಂದರೆ ಎಡಕ್ಕೆ, ಬಲಕ್ಕೆ ಅಂದರೆ ಬಲಕ್ಕೆ. ಸದ್ದೇ ಇಲ್ಲ. ಇಷ್ಟು ವರ್ಷದಲ್ಲಿ ನಾನು ಮಾಡಿದ ಒಂದು ಲೆಕ್ಕ ಹೀಗೆ ಕಣ್ಣೆದುರಿಗೆ ನಿಜವಾದದ್ದು ಅದೇ ಮೊದಲು.

ಆಗ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಎರಡೂ ಕೈ ರಿಮೋಟಿನ ಮೇಲೆ. ನಿಂತಿತು, ಮತ್ತೆ ಹೊಡೆದುಕೊಂಡಿತು. "ತೆಗೀರಿ ಮೇಷ್ಟ್ರೇ," ಎಂದೆ. ಅವರು ಫೋನು ತೆಗೆದು ನನ್ನ ಕಿವಿಗೆ ಹಿಡಿದರು.

"ರೀ, ಉಳ ವಾಂತಿ ಮಾಡ್ಕತಾವೆ." ಹೆಂಡತಿಯ ಧ್ವನಿ ಒಡೆದು ಹೋಗಿತ್ತು. "ಬೆಳಿಗ್ಗೆಯೇ ಜ್ವರ ಎದ್ದಿದ್ವು, ಬಾಗ್ಲು ಪಕ್ಕದ ಸ್ಟ್ಯಾಂಡ್ಗೂ ಬುಟ್ಟೆ. ಈಗ ನೋಡುದ್ರೆ ತಲೆ ಎತ್ಕಂಡು ಒದ್ದಾಡ್ತಾವೆ, ಅಸ್ರು ನೀರು ಬತ್ತಾ ಅದೆ. ಎರಡ್ ಸಾಲಲ್ಲ, ನಾಕ್ ಸಾಲು ಬುಟ್ಟು ಕುಯ್ದಿವ್ನಿ ಸೊಪ್ಪ. ದೊಡ್ಡಪ್ಪ ಏಳ್ದೆ ಇನ್ನೊಂದ್ ಕಿತ ಒಡ್ದವ್ರೆ. ಇಷ್ಟ್ ವರ್ಸದ್ ಮನುಸ ಇಂಗ್ ಮಾಡ್ಬುಟ್ರಲ್ಲ! ಅವ್ರ್ ಮನೆ ತಾವ್ಕೇ ಓಯ್ತೀನಿ, ಊರ್ ಮುಂದೇನೆ ಕೇಳ್ತೀನಿ."

ಗ್ಲೈಡರು ಆಗ ಕಾಡಿನ ಕಡೆಗೆ ಮುಖ ಮಾಡಿತ್ತು, ತಿರುಗಿಸಬೇಕಿತ್ತು. ಇನ್ನೂ ಅರ್ಧ ನಿಮಿಷ ಸುಮ್ಮನಿದ್ದರೆ ಅವಳು ಬೀದಿಗೆ ಇಳಿಯುತ್ತಾಳೆ, ಆಮೇಲೆ ದೊಡ್ಡಪ್ಪನ ಹೆಸರು ಉಳಿಯುವುದಿಲ್ಲ. ಸುಮ್ಮನಿದ್ದುಬಿಡು ಎಂದು ಒಳಗೊಬ್ಬ ಹೇಳಿದ್ದೂ ನಿಜ. ಆ ಮಾತನ್ನು ಇಲ್ಲಿ ಮುಚ್ಚಿಡುವುದಿಲ್ಲ.

"ಹೋಗಬೇಡ ಕಣೆ," ಎಂದೆ. "ದೊಡ್ಡಪ್ಪ ಅಲ್ಲ. ನಾನು. ಆ ಸ್ಟ್ಯಾಂಡಿಗೆ ಇರುವೆ ಚಾಕು ಎಳೆದಿದ್ದೆ."

ಆ ಕಡೆ ಅವಳು ಹುಳದ ಮನೆಯ ಬಾಗಿಲು ತಳ್ಳಿದ ಸದ್ದು ಕೇಳಿಸಿತು.

"ಯಾವ್ ಅಂತಸ್ತ್ಗೆ?"

"ನಡುವಿಂದಕ್ಕೆ. ಸುತ್ತ ಅಂಚಿಗೆ. ಕಾಲಿಗೂ."

ಫೋನು ಕಟ್ಟಾಯಿತು. ನನ್ನ ಕೈ ಯಾವಾಗ ರಿಮೋಟು ಬಿಟ್ಟಿತೋ ತಿಳಿಯದು, ಅದು ಕುತ್ತಿಗೆಯ ಪಟ್ಟಿಯಲ್ಲಿ ನೇತಾಡುತ್ತಿತ್ತು. "ಸಾ, ಸಾ, ನೋಡಿ ಸಾ, ಯಾರೂ ಇಡ್ಕಳ್ದೆ ತಾನೇ ನೆಟ್ಟಗೆ ಓಯ್ತಾ ಅದೆ!" ಎಂದು ವಿಜ್ಞಾನದ ಮೇಷ್ಟ್ರು ಕುಣಿದಾಡಿದರು. ನಾನು ತಲೆಯೆತ್ತಿ ನೋಡಲಿಲ್ಲ. ಅದು ಎಲ್ಲಿಗಾದರೂ ಹೋಗಿ ಇಳಿಯಲಿ, ನನ್ನನ್ನು ಊರಿಗೆ ಬಿಡಿ ಎಂದೆ. ಅವರು ನನ್ನ ಮುಖ ನೋಡಿ ಬೈಕು ತೆಗೆದರು.

ದಾರಿಯುದ್ದಕ್ಕೂ ಎಷ್ಟು ಹೋಗಿರಬಹುದು, ಎಷ್ಟು ಉಳಿದಿರಬಹುದು ಎಂದು ಅದೇ ಲೆಕ್ಕ. ಮನೆಯ ಮುಂದೆ ಇಳಿದಾಗ ಜಗಲಿಯ ತುಂಬ ಬಿದಿರಿನ ತಟ್ಟೆಗಳು. ಹೆಂಡತಿ ಹುಳವನ್ನು ಪೇಪರಿನ ಸಮೇತ ಎತ್ತಿ ತಂದು ತಟ್ಟೆಗೆ ಇಳಿಸುತ್ತಿದ್ದಳು. ಇನ್ನೊಂದು ತುದಿ ಹಿಡಿದಿದ್ದವರು ದೊಡ್ಡಪ್ಪ. ಜಗಳಕ್ಕೆ ಹೊರಟಿದ್ದವಳು ಸಹಾಯಕ್ಕೆ ಕರೆದಿದ್ದಳು. ಪಂಚೆ ಮೇಲಕ್ಕೆ ಕಟ್ಟಿ, ತಲೆಯ ಮೇಲೆಲ್ಲ ಸುಣ್ಣದ ಪುಡಿ ಬಿದ್ದು, ಅವರು ಏದುಸಿರು ಬಿಡುತ್ತಿದ್ದರು. ನಾನು ಹತ್ತಿರ ಹೋದೆ.

"ಅಲ್ಲೇ ನಿಲ್ಲಪ್ಪ," ಎಂದರು. "ಮೊದ್ಲು ಕೈ ತೊಳ್ಕ. ಬಟ್ಟೆ ಬದ್ಲಾಯ್ಸು."

ಅಷ್ಟೇ. ಅವರಿಗೆ ಎಲ್ಲ ಗೊತ್ತಾಗಿತ್ತು, ಮತ್ತೆ ಪೇಪರಿನ ತುದಿಗೆ ಕೈ ಹಾಕಿದರು. ನಡು ಅಂತಸ್ತಿನ ಅಂಚಿನ ಹುಳಗಳೆಲ್ಲ ಹೋದವು. ಒಳಗಿನವುಗಳಲ್ಲಿ ಒಂದಷ್ಟು ಉಳಿದವು. ಬೇರೆ ಅಂತಸ್ತಿನವು, ಕಿಟಕಿ ಪಕ್ಕದವು ಚೆನ್ನಾಗಿದ್ದವು. ಸತ್ತದ್ದನ್ನು ನಾನೇ ತೋಟದ ಮೂಲೆಯಲ್ಲಿ ಗುಂಡಿ ತೆಗೆದು, ಸುಣ್ಣ ಹಾಕಿ ಮುಚ್ಚಿದೆ. ಹಸಿರು ನೀರು ಕಕ್ಕಿ ಮುದುರಿಕೊಂಡ ಸಣ್ಣ ಸಣ್ಣ ದೇಹಗಳು ಪೇಪರಿಗೆ ಅಂಟಿಕೊಂಡಿದ್ದವು, ಕೊಡವಿದರೂ ಬಿಡುತ್ತಿರಲಿಲ್ಲ.

ಅವಳು ಬೈಯಲಿಲ್ಲ. ಅಳಲೂ ಇಲ್ಲ. ಬೈದರೆ ಕೇಳಿಸಿಕೊಳ್ಳಲು ನಾನು ತಯಾರಾಗಿದ್ದೆ, ಏನೇನು ಹೇಳಬೇಕೆಂದು ಗುಂಡಿ ಮುಚ್ಚುವಾಗಲೇ ಜೋಡಿಸಿಕೊಂಡಿದ್ದೆ. ಸಂಜೆ ಸೊಪ್ಪು ಹಾಕುವ ಹೊತ್ತಾಯಿತು. ಎಂದಿನ ಹಾಗೆ ಸೊಪ್ಪಿನ ಮಂಕರಿಯ ಈ ಕಡೆ ನಾನು ಕೂತೆ, ಆ ಕಡೆ ಅವಳು.

"ಚಾಕು ಎಳ್ದಿದ್ದು ಗೊತ್ತಾಗ್ದೆ ಎಳ್ದ್ರಿ," ಎಂದಳು ನನ್ನ ಮುಖ ನೋಡದೆ. "ಅದ್ಕೆ ನಾನೇನೂ ಅನ್ನಕಿಲ್ಲ. ಸ್ವಾಮಾರದಿಂದ ದಿನಾ ನನ್ ಜತೇಲೇ ಕುಂತು ಸೊಪ್ಪು ಆಕುದ್ರಲ್ಲ, ಆಗೆಲ್ಲ ಗೊತ್ತಿತ್ತಾ ನಿಮ್ಗೆ?"

"ಗೊತ್ತಿತ್ತು," ಎಂದೆ.

ಅವಳು ಮಂಕರಿಯನ್ನು ತನ್ನ ಕಡೆಗೆ ಎಳೆದುಕೊಂಡು ಒಬ್ಬಳೇ ಸೊಪ್ಪು ಹಾಕತೊಡಗಿದಳು.